ಬಾಗಿಲಲ್ಲಿ ನಿಂತ ಜರತಾರಿ

ಗವಿಸಿದ್ದಪ್ಪನ ಕೊರಳಿನ ಎರಡನೆಯ ಹಾರವನ್ನೂ ಕುದುರೆ ತಿಂದು ಮುಗಿಸಿದಾಗ, ಅವನ ತಮ್ಮ ಲಕ್ಷ್ಮಪ್ಪ ಹೆಗಲ ಮೇಲಿನ ಟವೆಲನ್ನು ನೆಲಕ್ಕೆ ಬಡಿದ.

"ಇನ್ನ ಯಾರೂ ಹಾರ ತರಬ್ಯಾಡ್ರಿ! ತಂದ್ರ ಸೀದಾ ಅದರ ಬಾಯಾಗ ಇಡ್ರಿ!"

ಕುದುರೆ ಅವನ ಕಡೆ ನೋಡಲೂ ಇಲ್ಲ. ಹೊಸ್ತಿಲ ಹೊರಗೆ ನಾಲ್ಕು ಕಾಲೂರಿ, ಕತ್ತನ್ನು ಪಡಸಾಲೆಯೊಳಗೆ ಚಾಚಿ, ತುಟಿಯ ಮೇಲೊಂದು ಗುಲಾಬಿ ಎಸಳನ್ನಿಟ್ಟುಕೊಂಡು ನಿಂತಿತ್ತು. ಬಾಗಿಲ ಪಕ್ಕದ ಗೋಡೆಗೆ ಒರಗಿಸಿ ಕೂಡಿಸಿದ್ದ ಗವಿಸಿದ್ದಪ್ಪ ಹಣೆತುಂಬ ವಿಭೂತಿ, ತಲೆಗೆ ಹೊಸ ರುಮಾಲು ಧರಿಸಿ, ಬದುಕಿದ್ದಾಗ ಹೇಗೋ ಹಾಗೆಯೇ ಯಾರ ಜಗಳಕ್ಕೂ ತಲೆಹಾಕದೆ ಕುಳಿತಿದ್ದ.

ಇಷ್ಟು ಹೂ ತಿಂದರೆ ಅದರ ಹೊಟ್ಟೆ ಉಬ್ಬರಿಸುವುದಿಲ್ಲವೇ ಎಂದು ವೀರವ್ವನಿಗೆ ಅನಿಸಿತು. ಗಂಡನ ಹೆಣದ ಮುಂದೆ ಕೂತು ಕುದುರೆಯ ಹೊಟ್ಟೆಯ ಚಿಂತೆ ಮಾಡುತ್ತಿದ್ದೇನಲ್ಲ ಎಂದು ಮರುಕ್ಷಣವೇ ತನ್ನ ಮೇಲೆ ತನಗೇ ಸಿಟ್ಟು ಬಂತು.

ಗವಿಸಿದ್ದಪ್ಪ ಹಿಂದಿನ ದಿನ ಮಧ್ಯಾಹ್ನ ರೊಟ್ಟಿ ಉಂಡು, ಮಗ್ಗಕ್ಕೆ ಕೂತು, ನಾಲ್ಕು ಎಳೆ ನೇಯ್ದು, ಹಾಗೇ ಮುಂದಕ್ಕೆ ಒರಗಿದ್ದ. ಮಗ್ಗದ ಸದ್ದು ನಿಂತಾಗ ಬಾಗಿಲಿಗೆ ಬಂದ ಕುದುರೆ ಇನ್ನೂ ಅಲ್ಲಿಂದ ಕದಲಿರಲಿಲ್ಲ. ಗಜೇಂದ್ರಗಡದ ಆ ನೇಕಾರರ ಓಣಿಯ ಮನೆಗಳ ಬಾಗಿಲು ಒಬ್ಬರು ಹೋದರೆ ಇನ್ನೊಬ್ಬರು ಕಾಯಬೇಕಾದಷ್ಟು ಕಿರಿದು. ಹೀಗಾಗಿ ಬೆಳಗಿನಿಂದ ಮಣ್ಣಿಗೆ ಬಂದವರೆಲ್ಲ ಪಕ್ಕದ ಮನೆಯ ಸಣ್ಣವ್ವನ ಹಿತ್ತಲು ದಾಟಿ, ಬಚ್ಚಲ ಮುಂದಿನಿಂದ ಒಳಗೆ ಬರುತ್ತಿದ್ದರು.

"ಮೆಣಸಿನಗಿಡ ತುಳೀಬ್ಯಾಡ್ರಿ," ಎಂದು ಸಣ್ಣವ್ವ ಒಬ್ಬೊಬ್ಬರಿಗೂ ಹೇಳುತ್ತಿದ್ದಳು. "ಅಳೂದು ಒಳಗ ಹೋದ ಮ್ಯಾಲೆ ಅಳ್ರಿ. ಕಣ್ಣಾಗ ನೀರಿದ್ರ ಗಿಡ ಕಾಣೂದಿಲ್ಲ."

ಬೀದಿಯಲ್ಲಿ ಹೆಣ ಕೂಡಿಸಿ ಒಯ್ಯುವ, ಬಾಳೆಕಂಬ ಕಟ್ಟಿದ ವಿಮಾನ ಸಿದ್ಧವಾಗಿ ಎರಡು ತಾಸಾಗಿತ್ತು. ಅಲ್ಲಾವುದ್ದೀನನ ಬ್ಯಾಂಡಿನವರು ಓಣಿಯ ತಿರುವಿನಲ್ಲಿ ಡೊಳ್ಳು, ಪೀಪಿ ಕೆಳಗಿಟ್ಟು ಸುಮ್ಮನೆ ಕೂತಿದ್ದರು. ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು. ಹೆಣ ಬಾಗಿಲು ದಾಟಬೇಕು. ಬಾಗಿಲಲ್ಲಿ ಕುದುರೆ, ಜರತಾರಿ.

"ನಾವೆಲ್ಲಾ ಹಿತ್ತಲದಿಂದ ಬಂದೀವಿ, ಅಣ್ಣನ್ನೂ ಹಿತ್ತಲದಿಂದ ಒಯ್ಯೂಣು," ಎಂದ ಲಕ್ಷ್ಮಪ್ಪ.

"ಹಿತ್ತಲ ಬಾಗಲದಿಂದ ಕಳ್ಳ ಹೋಗ್ತಾನ," ಎಂದಳು ಸಣ್ಣವ್ವ. "ವೀರವ್ವನ್ನ ಮದಿವಿ ಮಾಡ್ಕೊಂಡು ಯಾವ ಬಾಗಲದಿಂದ ಕರಕೊಂಡು ಬಂದ್ನೋ, ಅದಾ ಬಾಗಲದಿಂದ ಹೋಗಬೇಕು ನಿಮ್ಮಣ್ಣ."

"ಹಂಗಾದ್ರ ಹಗ್ಗಾ ತರ್ರಿ."

"ಎಳೀಬ್ಯಾಡ್ರಿ, ಲಕ್ಷ್ಮಪ್ಪಾರ," ಎಂದ ಬೀದಿಯಲ್ಲಿ ನಿಂತಿದ್ದ ಅಲ್ಲಾವುದ್ದೀನ. "ಬಡದೂ ಎಳದೂ ಹಣ್ಣಾದ ಜೀವ ಅದು. ಎಳದ್ರ ಮಲಗತೈತಿ."

ಲಕ್ಷ್ಮಪ್ಪ ಎಳೆಸಿದ. ನಾಲ್ಕು ಜನ ಹಿಡಿದು ಎಳೆದರು. ಜರತಾರಿ ಮುಂಗಾಲು ಮಡಚಿತು, ಹಿಂಗಾಲು ಮಡಚಿತು, ದೊಡ್ಡದೊಂದು ಉಸಿರು ಬಿಟ್ಟು ಹೊಸ್ತಿಲ ಮೇಲೆ ಗದ್ದ ಊರಿ ಮಲಗಿಬಿಟ್ಟಿತು.

"ಈಗ ಚಲೋ ಆತು ನೋಡು," ಎಂದಳು ಸಣ್ಣವ್ವ. "ನಿಂತದ್ದನ್ನ ಮಲಗಿಸಿದಿ. ಇನ್ನ ಕುಂತಾಂವನ್ನ ಹ್ಯಾಂಗ ಎಬ್ಬಸ್ತಿ?"

ಲಕ್ಷ್ಮಪ್ಪ ಬೆವರು ಒರೆಸಿಕೊಂಡು ವೀರವ್ವನ ಕಡೆ ತಿರುಗಿದ. "ಚಿಂತಿ ಮಾಡಬ್ಯಾಡ್ರಿ ವೈನಿ. ಟೆಂಪೋ ಹೇಳೀನಿ. ಮಣ್ಣು ಮುಗದ ಕೂಡಲೇ ಇದನ್ನ ಏರಿಸಿ, ಕೊಟ್ಟ ಆ ಡಾಕ್ಟರಬಾಯಾರ ಕಡೆ ವಾಪಸ್ ಕಳಸ್ತೀನಿ. ನಿಮಗೂ ಬ್ಯಾಡಾಗಿತ್ತಲ್ಲ?"

ಬೆಳಿಗ್ಗೆ ಇದೇ ಪ್ರಶ್ನೆಗೆ ವೀರವ್ವ ತಲೆಯಾಡಿಸಿದ್ದಳು. ನಾಲ್ಕು ವರ್ಷ ಓಣಿಯೆಲ್ಲ ಕೇಳುವಂತೆ ಬೇಡ, ಬೇಡ ಎಂದವಳು ಬೇರೆ ಏನು ಹೇಳಿಯಾಳು? ಈಗ ಮಾತ್ರ ತಲೆ ಆಡಲಿಲ್ಲ. ಅವಳು ಕುದುರೆಯ ಮೂಗಿನಿಂದ ಬರುವ ಗಾಳಿಗೆ ಹೊಸ್ತಿಲ ಮೇಲಿನ ಭಂಡಾರದ ಪುಡಿ ಹಾರುವುದನ್ನು ನೋಡುತ್ತಿದ್ದಳು.

*

ಮದುವೆಗೆ ಹೋದವರು ತಾಂಬೂಲದ ಚೀಲ ತರುತ್ತಾರೆ. ಗವಿಸಿದ್ದಪ್ಪ ಕುದುರೆ ತಂದಿದ್ದ.

ಜಕ್ಕಲಿಯಲ್ಲಿ ದೂರದ ಸಂಬಂಧಿಕರ ಮದುವೆ. ಮೆರವಣಿಗೆಯಲ್ಲಿ ಪಟಾಕಿ ಸಿಡಿದಾಗ ಕುದುರೆ ಬೆಚ್ಚಿ, ಮದುಮಗನನ್ನು ಉಂಡ ಎಲೆಗಳ ರಾಶಿಯ ಮೇಲೆ ಕೆಡವಿತು. ಬಾಡಿಗೆಗೆ ಕೊಟ್ಟಿದ್ದ ಮಾಲೀಕ ಅದಕ್ಕೆ ಕೈಸೋಲುವಷ್ಟು ಹೊಡೆದು, ಬೇವಿನ ಮರಕ್ಕೆ ಬಿಗಿದು, ಮೈಮೇಲಿನ ಜರಿಯ ಜೂಲನ್ನು ಮಾತ್ರ ಬಿಚ್ಚಿಕೊಂಡು ಹೋದವನು ತಿರುಗಿ ಬರಲಿಲ್ಲ. ಮರುದಿನ ದನದ ಡಾಕ್ಟರು ಸುಧಾರಾಣಿ ಬಂದು ಗಾಯಕ್ಕೆ ಔಷಧಿ ಹಚ್ಚಿದಳು. ಇಂಥ ಪ್ರಾಣಿಗಳಿಗೆ ಮನೆ ಹುಡುಕಿ ಕೊಡುವುದು ಅವಳು ತಾನಾಗಿ ಹಚ್ಚಿಕೊಂಡ ಕೆಲಸ. ಯಾರಾದರೂ ಸಾಕುತ್ತೀರಾ ಎಂದು ಕೇಳಿದಳು. ನೆರೆದವರೆಲ್ಲ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಬಸ್ಸು ತಪ್ಪಿಸಿಕೊಂಡು ಅಲ್ಲೇ ಉಳಿದಿದ್ದ ಗವಿಸಿದ್ದಪ್ಪ, ಕುದುರೆಗೆ ಬಕೀಟಿನಲ್ಲಿ ನೀರು ಕುಡಿಸುತ್ತಿದ್ದವನು, ತಲೆಯೆತ್ತಿದ.

ಅವಳ ಅರ್ಜಿಯಲ್ಲಿ 'ಪ್ರಾಣಿ ಸಾಕಿದ ಅನುಭವ' ಎಂಬಲ್ಲಿ ಅವನು ಬರೆದದ್ದು: 'ಒಂದು ಕೋಳಿ. ಅದೂ ನೆರೆಮನೆಯದು.'

ಅವನಿಗೆ ಹತ್ತಲು ಬಾರದು, ಅದಕ್ಕೆ ಹತ್ತಿಸಿಕೊಳ್ಳಲು ಮನಸ್ಸಿಲ್ಲ. ಇಬ್ಬರೂ ಹಗಲೆಲ್ಲ ನಡೆದೇ ಗಜೇಂದ್ರಗಡ ಮುಟ್ಟಿದರು.

"ಇದಕ್ಕೇನು ಕೆಲಸ ಈ ಮನ್ಯಾಗ?" ಎಂದು ವೀರವ್ವ ಬಾಗಿಲಲ್ಲೇ ತಡೆದಳು.

"ಏನಿಲ್ಲ. ವಾರಕ್ಕ ಮೂರು ಸಲ ಲಕ್ಷ್ಮಪ್ಪ ಬರ್ತಾನ, ಅವಗೇನು ಕೆಲಸ ಐತಿ?"

"ನಿಮಗ ಲಾಳಿ ಗೊತ್ತು, ಲಾಳ ಗೊತ್ತೇನ್ರಿ? ಕೇಳ್ರಿಲ್ಲೆ. ಈ ಕುದುರಿ ಈ ಅಂಗಳದಾಗ ಇರೂತನಾ ನಾ ಮಗ್ಗದ ಕುಣ್ಯಾಗ ಇಳಿಯೂದಿಲ್ಲ."

ಕಾಲು ಇಳಿಬಿಟ್ಟು ನೇಯುವ ಆ ಕುಣಿಗೆ ಇಳಿಯುವುದಿಲ್ಲವೆಂಬುದು ಸಣ್ಣ ಮಾತಾಗಿರಲಿಲ್ಲ. ಆ ಮನೆಯ ಸೀರೆಗೆ ಹೆಸರು ಬಂದದ್ದು ಅವಳ ಕೈಯಿಂದ. ಅವಳು ನೇಯ್ದ ಅಂಚು ಗೆರೆ ಎಳೆದ ಹಾಗೆ ನೇರ; ಗವಿಸಿದ್ದಪ್ಪನ ಅಂಚು ಅವನ ಹಾಗೆಯೇ, ಅಲ್ಲೊಂದು ಇಲ್ಲೊಂದು ಕಡೆ ನಿಂತು ಯಾರನ್ನೋ ಮಾತಾಡಿಸಿ ಬಂದಂತೆ ತುಸು ಡೊಂಕು. "ಹಂಗಾದ್ರ ನಾನಾ ನೇಯತೀನಿ," ಎಂದ ಅವನು, ಸಿಟ್ಟಿಲ್ಲದೆ. ಕುದುರೆಗೆ ಜರತಾರಿ ಎಂದು ಹೆಸರಿಟ್ಟ. ವೀರವ್ವ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿಕೊಡುವುದನ್ನು ಮಾತ್ರ ಬಿಡಲಿಲ್ಲ. ಆಣೆ ಹಾಕುವಾಗ ಕಂಡಿಕೆಯ ಮಾತು ಬಂದಿರಲಿಲ್ಲವಲ್ಲ.

*

ಜರತಾರಿಗೆ ಎಲ್ಲದರ ಅಂಜಿಕೆ. ಎತ್ತಿದ ಕೈ, ಟೆಂಪೋದ ಹಾರ್ನು, ಎಲ್ಲಕ್ಕಿಂತ ಹೆಚ್ಚಾಗಿ ಡೊಳ್ಳು. ದೂರದಲ್ಲೆಲ್ಲೋ ಬ್ಯಾಂಡು ಬಾರಿಸಿದರೂ ಮೈಯೆಲ್ಲ ನಡುಗಿ ಗೋಡೆಗೆ ಒತ್ತಿಕೊಳ್ಳುತ್ತಿತ್ತು.

ಗವಿಸಿದ್ದಪ್ಪನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಕಿಟಕಿಯ ಹೊರಗೆ ಕುದುರೆಯನ್ನು ಬಿಟ್ಟು, ಒಳಗೆ ಮಗ್ಗ ನೇಯ್ದ. ಖಟ್, ಖಟ್. ಮೊದಮೊದಲು ಹಸುಗೂಸಿನ ತೊಟ್ಟಿಲು ತೂಗುವಷ್ಟು ಮೆಲ್ಲಗೆ. ಅದರ ಕಿವಿ ಹಿಂದಕ್ಕೆ ಮಡಚಿದರೆ ನಿಲ್ಲಿಸಿ, ಕಿವಿ ಎದ್ದರೆ ಮತ್ತೆ ಶುರು ಮಾಡುತ್ತಿದ್ದ. ಆ ತಿಂಗಳು ಒಂದೇ ಸೀರೆ ಮುಗಿಯಿತು. ಮಗ್ಗದ ಸದ್ದಿಗೆ ಅದು ನಿಂತಲ್ಲೇ ಹಿಂಗಾಲು ಸಡಿಲಿಸಿ ತೂಕಡಿಸುವಂತಾದ ಮೇಲೆ ಅಲ್ಲಾವುದ್ದೀನನನ್ನು ಕರೆಸಿದ. ದಿನಾ ಸಂಜೆ ಅವನು ಓಣಿಯ ಆ ತುದಿಯಲ್ಲಿ ಡೊಳ್ಳಿಗೆ ಒಂದು ಪೆಟ್ಟು ಹಾಕಬೇಕು. ಇಲ್ಲಿ ಇವನು ಲಾಳಿ ನಿಲ್ಲಿಸಬಾರದು. ಎಂಟು ದಿನಕ್ಕೊಂದು ಮನೆಯಷ್ಟು ಅಲ್ಲಾವುದ್ದೀನ ಹತ್ತಿರ ಬಂದ. ಡೊಳ್ಳು ಇವರ ಕಟ್ಟೆ ಮುಟ್ಟಲು ವರ್ಷ ಹಿಡಿಯಿತು. ಒಂದು ದಿನವೂ ಅವನು ತಪ್ಪಿಸಲಿಲ್ಲ. ಜ್ವರ ಬಂದಾಗ ಕಂಬಳಿ ಹೊದ್ದು ಬಂದು ಒಂದು ಪೆಟ್ಟು ಹಾಕಿ ಹೋದ.

ಮಗ್ಗ ನಿಂತಾಗಲೆಲ್ಲ ಜರತಾರಿ ಬಾಗಿಲಿಗೆ ಬರುತ್ತಿತ್ತು, ಗವಿಸಿದ್ದಪ್ಪ ಮುಷ್ಟಿ ಕಟ್ಟಿಕೊಂಡು ಕುಣಿಯಿಂದ ಏಳುತ್ತಿದ್ದ. ಮುಷ್ಟಿಯಲ್ಲೇನಿತ್ತೋ ವೀರವ್ವ ನೋಡಲಿಲ್ಲ. ಅವಳಿಗೆ ಬೇರೆ ಚಿಂತೆ: ಡಬ್ಬಿಯಲ್ಲಿ ಬೆಲ್ಲ ಉಳಿಯುತ್ತಿರಲಿಲ್ಲ, ಗಂಡನಿಗೆ ಸಕ್ಕರೆ ರೋಗ.

"ಮಂದಿ ಕದ್ದು ಶೆರೆ ಕುಡೀತಾರ. ನೀವು ಬೆಲ್ಲ ತಿಂತೀರಿ. ನಾಚಿಗಿ ಇಲ್ಲೇನ್ರಿ ನಿಮಗ?"

ಗವಿಸಿದ್ದಪ್ಪ ತಲೆ ತಗ್ಗಿಸಿ ನಿಲ್ಲುತ್ತಿದ್ದ. ದವಾಖಾನೆಯಲ್ಲಿ ತಪಾಸಣೆ ಮಾಡಿದರೆ ಸಕ್ಕರೆ ಪ್ರತಿ ಸಲವೂ ಹತೋಟಿಯಲ್ಲೇ ಇರುತ್ತಿತ್ತು. ನಿಮ್ಮ ಮಶೀನು ಕೆಟ್ಟೈತ್ರಿ ಎಂದು ವೀರವ್ವ ಡಾಕ್ಟರಿಗೇ ಹೇಳಿ ಬಂದಿದ್ದಳು.

*

ಬಿಸಿಲು ಎದುರಿನ ಗೋಡೆ ಹತ್ತಿತು. ಅಲ್ಲಾವುದ್ದೀನ ಕುದುರೆಯ ಬೆನ್ನ ಆಚೆಯಿಂದಲೇ ಬಗ್ಗಿ ನೋಡಿದ.

"ಅಕ್ಕಾರ, ಅದು ಯಾಕ ಬಂದೈತಿ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಮಗ್ಗ ನಿಂತೈತಿ."

"ಹೆಣ ಇದ್ದ ಮನ್ಯಾಗ ಮಗ್ಗ ಆಡಸ್ತಾರೇನೋ?" ಎಂದಳು ಸಣ್ಣವ್ವ. ಓಣಿಯ ಪದ್ಧತಿಯಂತೆ ನಿನ್ನೆ ಅವಳೇ ಲಾಳಿಗೆ ದಾರ ಸುತ್ತಿ ಕಟ್ಟಿಟ್ಟಿದ್ದಳು. ಪುರ್ತಗೇರಿಯಿಂದ ಮಣ್ಣಿಗೆ ಬಂದಿದ್ದ ಬೀಗರು ಆಡಿಸಬಾರದು ಎಂದರು. ಆಡಿಸದಿದ್ದರೆ ನಾಳೆಯೂ ಇಲ್ಲೇ ಇರಬೇಕಾಗುತ್ತದೆ ಎಂದು ಯಾರೋ ಹೇಳಿದ ಮೇಲೆ, ಸ್ವಲ್ಪ ಆಡಿಸಬಹುದು ಎಂದರು.

"ಸರೀರಿ, ನಾ ಆಡಸ್ತೀನಿ," ಎಂದು ಲಕ್ಷ್ಮಪ್ಪ ದಾರ ಹರಿದು ಕುಣಿಗೆ ಇಳಿದ. ಅವನು ಮಗ್ಗ ಬಿಟ್ಟು ಮೊಬೈಲ್ ಅಂಗಡಿ ಹಾಕಿ ಹದಿನೈದು ವರ್ಷವಾಗಿತ್ತು. ಲಾಳಿಯ ಹಗ್ಗವನ್ನು ಒಂದು ಸಲ ಜಗ್ಗಿದ. ಜರತಾರಿಯ ಕಿವಿಗಳು ಹಿಂದಕ್ಕೆ ಹೋದವು. ಇನ್ನೊಂದು ಸಲ ಜೋರಾಗಿ ಜಗ್ಗಿದ. ಲಾಳಿ ಮಗ್ಗ ಬಿಟ್ಟು ಹಾರಿ, ಬೀಗರ ತಲೆಯ ಮೇಲಿಂದ ಹೋಗಿ, ಗವಿಸಿದ್ದಪ್ಪನ ಮಡಿಲಲ್ಲಿ ಬಿತ್ತು.



ವೀರವ್ವ ಗಂಡನ ಮುಖ ನೋಡಿದಳು. ಅವಳನ್ನು ಏನಾದರೂ ಕೇಳಬೇಕಾದಾಗ ಅವನ ಮುಖ ಹೀಗೇ ಇರುತ್ತಿತ್ತು, ಬಾಯಿಬಿಟ್ಟು ಕೇಳದೆ. ಮಡಿಲಿನಿಂದ ಲಾಳಿ ಎತ್ತಿಕೊಂಡಳು.

"ಏಳೋ ಲಕ್ಷ್ಮಪ್ಪ. ಸೀರಿ ಹರದೀ."

"ನಿನ್ನ ಆಣಿ?" ಎಂದಳು ಸಣ್ಣವ್ವ.

"ಆಣಿ ಹಾಕಿದಾಕಿ ನಾ. ತೆಗಿಯಾಕಿನೂ ನಾನಾ."

ಕುಣಿಗೆ ಇಳಿದಾಗ ಕಾಲಿಗೆ ಏನೋ ಗಂಟು ತಾಗಿತು. ಎತ್ತಿ ಬಿಚ್ಚಿದಳು. ಹಳೆಯ ರುಮಾಲಿನ ತುಂಡಿನಲ್ಲಿ ಒಂದು ಹಿಡಿ ಬೆಲ್ಲದ ಹೆಂಟೆ. ಅದರ ಮೇಲೆ ಹಲ್ಲಿನ ಗುರುತು. ಒಂದೊಂದು ಹಲ್ಲೂ ಹೆಬ್ಬೆರಳಿನಷ್ಟು ಅಗಲ. ನಾಲ್ಕು ವರ್ಷ ಬೈಸಿಕೊಂಡ ಮನುಷ್ಯ ಒಂದು ಸಲವೂ ಆ ಹಲ್ಲು ನನ್ನದಲ್ಲ ಎಂದಿರಲಿಲ್ಲ.

ವೀರವ್ವನ ಭುಜ ಕುಲುಕತೊಡಗಿತು. ನರಗುಂದದಿಂದ ಬಂದಿದ್ದ ಮಗಳು ಬನಶ್ರೀ ಓಡಿ ಬಂದು ಬೆನ್ನು ಸವರಿದಳು. "ಅಳಬ್ಯಾಡ ಯವ್ವಾ." ಹತ್ತಿರ ಬಂದ ಮೇಲೆ ತಾಯಿ ನಗುತ್ತಿರುವುದು ಅವಳಿಗೆ ಕಂಡಿತು. ಅಳುತ್ತಿರುವುದೂ ಕಂಡಿತು. ಜನರಿಗೆ ಕಾಣದಂತೆ ಅಡ್ಡ ಕೂತಳು.

ಖಟ್.

ವೀರವ್ವನ ಕೈ ಮೊದಲಿನಿಂದಲೂ ಚುರುಕು. ಎರಡು ಎಳೆ ಓಡಿಸಿದ ಮೇಲೆ ತಡೆದಳು. ಗಂಡನ ಸಾವಕಾಶ ನೆನಪಿಗೆ ತಂದುಕೊಂಡು, ಎಳೆಗೂ ಎಳೆಗೂ ನಡುವೆ ಅವನು ಯಾವ ಲೋಕಕ್ಕೋ ಹೋಗಿಬರುತ್ತಿದ್ದಷ್ಟು ಹೊತ್ತು ಬಿಟ್ಟು, ಮತ್ತೆ ಜಗ್ಗಿದಳು. ಖಟ್. ಖಟ್.

ಜರತಾರಿಯ ಒಂದು ಕಿವಿ ಎದ್ದಿತು. ಆಮೇಲೆ ಇನ್ನೊಂದು. ಅದು ಗದ್ದ ಎತ್ತಿತು, ಮುಂಗಾಲು ಊರಿ ಎದ್ದಿತು, ಮೈ ಕೊಡವಿತು. ಮೂರು ಹೆಜ್ಜೆ ಹಿಂದೆ ಸರಿದು, ಸುತ್ತಿ, ಕಿಟಕಿಯ ಹೊರಗಿನ ತನ್ನ ಜಾಗದಲ್ಲಿ ಹೋಗಿ ನಿಂತಿತು.

"ಎತ್ತರೋ, ಎತ್ತರೋ!" ಲಕ್ಷ್ಮಪ್ಪ ಪಿಸುಗುಟ್ಟಿದ.

"ವೀರವ್ವಾ, ಏಳ. ಕಡೀ ಸಲ ಮುಖ ನೋಡು," ಎಂದಳು ಸಣ್ಣವ್ವ.

"ಮೂವತ್ತೆಂಟು ವರ್ಷ ನೋಡೀನಿ. ಲಗೂ ಒಯ್ರಿ, ನಾ ನಿಲ್ಲಿಸಿದ್ರ ಅದು ಮತ್ತ ಬರತೈತಿ."

ಗವಿಸಿದ್ದಪ್ಪ ಬಾಗಿಲು ದಾಟಿದ. ಬ್ಯಾಂಡು ಶುರುವಾಯಿತು, ಮೊದಲು ಒಂದೇ ಪೆಟ್ಟು, ಅಲ್ಲಾವುದ್ದೀನನ ಕೈಯದು. ಜರತಾರಿ ಕದಲಲಿಲ್ಲ. ಆಮೇಲೆ ಎಲ್ಲ ವಾದ್ಯಗಳೂ ಎದ್ದವು. ವಿಮಾನದಲ್ಲಿ ಕೂತವನ ರುಮಾಲು ಜನರ ತಲೆಗಳ ಮೇಲೆ ತೇಲುತ್ತ ಹೋಗುವುದು ಕಿಟಕಿಯಿಂದ ಕಂಡಿತು, ಕುದುರೆಯ ಎರಡು ಕಿವಿಗಳ ನಡುವೆ. ಓಣಿ ತಿರುಗುವವರೆಗೂ ಒಳಗಿನ ಮಗ್ಗ, ಹೊರಗಿನ ಡೊಳ್ಳು ಒಂದೇ ಲಯದಲ್ಲಿ ನಡೆದವು.

ಗಂಡಸರು ಮಣ್ಣು ಮುಗಿಸಿ ಬಂದಾಗಲೂ ಮಗ್ಗ ನಡೆಯುತ್ತಲೇ ಇತ್ತು. ಬೀದಿಯಲ್ಲಿ ಟೆಂಪೋ ನಿಂತಿತು. ಅದರಿಂದ, ಸುದ್ದಿ ಕೇಳಿದ ಡಾಕ್ಟರು ಸುಧಾರಾಣಿಯೇ ಇಳಿದು, ತಲೆಬಾಗಿ ಒಳಗೆ ಬಂದಳು.

"ವೈನಿ, ಮಗ್ಗ ನಿಲ್ಲಸ್ರಿ. ಕುದುರಿ ಏರಸ್ತೀವಿ," ಎಂದ ಲಕ್ಷ್ಮಪ್ಪ.

"ಸ್ವಲ್ಪ ತಡೀರಿ," ಎಂದಳು ಸುಧಾರಾಣಿ. ಚೀಲದಿಂದ ಒಂದು ಮಾಸಿದ ಅರ್ಜಿ ತೆಗೆದಳು. "ನಿಮ್ಮ ನಂತರ ಯಾರು ನೋಡ್ಕೋತಾರ ಅಂತ ಒಂದು ಪ್ರಶ್ನೆ ಇತ್ತು. ಅಜ್ಜಾರು ಬರದಾರ. ಓದಲೇನ್ರಿ?"

ವೀರವ್ವನ ಲಾಳಿ ತುಸು ತಡವಾಯಿತು.

"'ನನ್ನ ಹೆಂಡತಿ ವೀರವ್ವ. ಬಾಯಿ ಜೋರು. ಕೈ ಚಲೋ.'"

ಸಣ್ಣವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಗ್ಗ ನಿಂತಿತು.

ಅದು ನಿಂತ ಕೂಡಲೇ ಹೊರಗೆ ಗೊರಸಿನ ಸಪ್ಪಳವಾಯಿತು. ಜರತಾರಿ ಬಾಗಿಲಿಗೆ ಬಂದು, ಖಾಲಿ ಗೋಡೆಯ ಕಡೆ ಒಮ್ಮೆ ನೋಡಿ, ಕತ್ತನ್ನು ಮಗ್ಗದ ಕಡೆ ತಿರುಗಿಸಿತು. ಮಗ್ಗದ ಮೇಲೆ ಅರ್ಧ ಸೀರೆ. ಒಂದು ಕಡೆಯವರೆಗೆ ಅಂಚು ತುಸು ಡೊಂಕು, ಅಲ್ಲಿಂದ ಮುಂದೆ ಗೆರೆ ಎಳೆದಂತೆ ನೇರ.

ವೀರವ್ವ ಮೊಣಕಾಲು ಹಿಡಿದುಕೊಂಡು ಕುಣಿಯಿಂದ ಎದ್ದಳು.

"ನನಗ ಕೇಳದ ನನ್ನ ಹೆಸರು ಬರದಾರಲ್ಲ," ಎಂದಳು. "ಇರಲಿ, ಮ್ಯಾಲೆ ಹೋದ ಮ್ಯಾಲೆ ಕೇಳ್ತೀನಿ. ಲಕ್ಷ್ಮಪ್ಪ, ಟೆಂಪೋದಾಂವಗ ಚಾ ಕುಡಿಸಿ ಕಳಸೋ. ಈ ದರಿದ್ರ ಕುದುರಿ ನಾಲ್ಕು ವರ್ಷ ನನ್ನ ಡಬ್ಬ್ಯಾಗಿನ ಬೆಲ್ಲ ತಿಂದೈತಿ, ಅದನ್ನ ಹ್ಯಾಂಗ ಬಿಡ್ಲಿ ನಾ?"

ಬಾಯಿ ಬೈಯುತ್ತಲೇ ಇತ್ತು. ಮುಖ ಬೇರೆ ಕಡೆ ತಿರುಗಿತ್ತು. ಬೆಲ್ಲದ ಹೆಂಟೆ ಇಟ್ಟ ಅಂಗೈ ಮಾತ್ರ ಅದು ತನ್ನದೇ ಅಲ್ಲವೆಂಬಂತೆ ಬಾಗಿಲ ಕಡೆ ಚಾಚಿತ್ತು.