ಮುಳುಗಿದ ದೋಣಿಯ ಎರಡನೆಯ ಕೊಳವೆ

ಸರಕಿನ ದೋಣಿಯೊಂದು ಸೇತುವೆಯ ಕಂಬಕ್ಕೆ ಡಿಕ್ಕಿ ಹೊಡೆದು ಮುಳುಗಿದೆ ಎಂಬ ಸುದ್ದಿ ಬಂದಾಗ ಮೀನಕ್ಕ ಗಂಡನ ಜೊತೆ ಮಾತು ಬಿಟ್ಟು ಕೂತಿದ್ದಳು. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು; ಅವಳು ನೀರಿನಡಿಯ ಕೆಲಸಕ್ಕೆ ಇಳಿದ ಮೇಲೆ ಊರವರು ಅದನ್ನು ಮರೆತೇಬಿಟ್ಟಿದ್ದರು. ಸೇತುವೆಯ ಬುಡದ ಬಿರುಕು ನೋಡುವುದು, ತಳದಲ್ಲಿ ಸಿಕ್ಕಿಕೊಂಡ ಸರಪಳಿ ಬಿಡಿಸುವುದು ಅವಳ ಕಸುಬು. ಮೇಲೆ ನಿಂತು ಅವಳ ಸೊಂಟದ ಹಗ್ಗ ಹಿಡಿಯುವುದು ಗಂಡನ ಕಸುಬು.

ಜಗಳ ಶುರುವಾದದ್ದು ಅವಳ ಎಡಗಿವಿಯಿಂದ. ನೋವು ವಾಸಿಯಾಗಿದೆ, ಇಳಿಯಬಹುದು ಎಂದು ವೈದ್ಯರೇ ಹೇಳಿದ್ದರು. ಇನ್ನೊಂದು ವಾರ ತಡಿ ಎಂದು ಗಂಡ ಪಟ್ಟು ಹಿಡಿದಿದ್ದ. ಕಿವಿ ಇರೋದು ನನ್ನ ತಲೇಲೋ ನಿಮ್ಮ ತಲೇಲೋ ಎಂದು ಅವಳು ಕೇಳಿದ್ದಳು. ಅಲ್ಲಿಂದ ಇಬ್ಬರೂ ಮುಖ ಊದಿಸಿಕೊಂಡಿದ್ದರು. ಆದರೂ ಫೋನ್ ಬಂದ ಕೂಡಲೇ ಅವನು ಹಗ್ಗದ ಸುರುಳಿಯನ್ನು ಹೆಗಲಿಗೇರಿಸಿದ.

ದೋಣಿಯವರೆಲ್ಲ ಈಜಿ ದಡ ಸೇರಿದ್ದರು. ಚಿಂತೆ ಇದ್ದದ್ದು ದೋಣಿಯ ಹೊಟ್ಟೆಯದು. ಹೊರಡುವ ಮೊದಲು ಅದಕ್ಕೆ ಡೀಸೆಲ್ ಭರ್ತಿ ತುಂಬಿಸಿದ್ದರು. ಹರಿವಿನ ಕೆಳಗಡೆ ಮುಂದಿನ ತಿರುವಿನಲ್ಲೇ ಊರಿಗೆ ಕುಡಿಯುವ ನೀರೆತ್ತುವ ಪಂಪ್‌ಮನೆ. ನೀರು ಸರಬರಾಜಿನ ಎಂಜಿನಿಯರ್ ಪಂಪುಗಳನ್ನು ನಿಲ್ಲಿಸಿ, ನದಿಗೆ ಅಡ್ಡಲಾಗಿ ಕಿತ್ತಳೆ ಬಣ್ಣದ ತೇಲುವ ಬೇಲಿ ಹಾಕಿಸಿದ್ದಳು. ಚೂರುಪಾರು ಎಣ್ಣೆಯನ್ನು ಬೇಲಿ ತಡೆದೀತು, ಪೂರ್ತಿ ಟ್ಯಾಂಕನ್ನು ತಡೆಯಲಾರದು, ಒಮ್ಮೆ ಎಣ್ಣೆ ನಮ್ಮ ಕೊಳವೆಗಳಿಗೆ ಹೊಕ್ಕರೆ ತಿಂಗಳುಗಟ್ಟಲೆ ವಾಸನೆ ಹೋಗುವುದಿಲ್ಲ ಎಂದು ಅವಳು ವಿವರಿಸಿದಳು.

ದೋಣಿಯ ಕಪ್ತಾನ ಕಂಬಳಿ ಹೊದ್ದು ಕಲ್ಲಿನ ಮೇಲೆ ಕೂತಿದ್ದ. ಟ್ಯಾಂಕಿಗೆ ಗಾಳಿಯಾಡಲು ಎಡಕ್ಕೊಂದು, ಬಲಕ್ಕೊಂದು ಕೊಳವೆ ಇವೆ, ಎಣ್ಣೆ ಸೋರುವುದಾದರೆ ಅವುಗಳಿಂದಲೇ ಎಂದ. ಮರಳ ಮೇಲೆ ಬೆರಳಲ್ಲಿ ದೋಣಿ ಬರೆದು ಅವುಗಳ ಜಾಗ ತೋರಿಸಿದ. ಮೀನಕ್ಕ ಬೆನ್ನಿಗೆ ಗಾಳಿಯ ಸಿಲಿಂಡರ್ ಬಿಗಿದು, ಸೊಂಟದ ಚೀಲಕ್ಕೆ ಮರದ ಬೆಣೆಗಳನ್ನೂ ಸುತ್ತಿಗೆಯನ್ನೂ ಹಾಕಿಕೊಂಡಳು. ಗಂಡ ಅವಳ ಸೊಂಟಕ್ಕೆ ಹಗ್ಗದ ಗಂಟು ಹಾಕಿ ಎರಡೆರಡು ಸಲ ಎಳೆದು ನೋಡಿದ.

ಕೆಳಗೆ ಕೆಸರು ಕದಡಿ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ದೋಣಿ ಬಲಕ್ಕೆ ಒರಗಿ ಮಲಗಿತ್ತು. ಅಂಚು ಹಿಡಿದು ತಡಕಾಡುತ್ತ ಹೋದವಳಿಗೆ ಎಡಗಡೆಯ ಕೊಳವೆ ಬೇಗ ಸಿಕ್ಕಿತು. ಬಟ್ಟೆ ಸುತ್ತಿದ ಬೆಣೆಯನ್ನು ಅದರ ಬಾಯಿಗೆ ಬಡಿದು ಕೂರಿಸಿದಳು. ಹಗ್ಗ ಒಮ್ಮೆ ಜಗ್ಗಿತು: ಚೆನ್ನಾಗಿದ್ದೀಯಾ ಎಂಬ ಪ್ರಶ್ನೆ. ಅವಳೂ ಒಮ್ಮೆ ಜಗ್ಗಿ ಉತ್ತರಿಸಿದಳು. ಮನೆಯಲ್ಲಿ ಮುರಿದ ಮಾತು ಇಲ್ಲಿ ಮಾತ್ರ ನಡೆದಿತ್ತು.

ಬಲಗಡೆಯ ಕೊಳವೆ ದೋಣಿಯ ಅಡಿಯಲ್ಲಿ, ಕೆಸರಿನಲ್ಲಿ ಹೂತುಹೋಗಿತ್ತು. ಅವಳು ಮೇಲೆ ಬಂದಾಗ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಟ್ಟತೊಡಗಿತ್ತು. ಎಂಜಿನ್ ಕೋಣೆಯಲ್ಲಿ ಆ ಕೊಳವೆಗೊಂದು ತಿರುಪು ಇದೆ, ಒಳಗೆ ಹೋದರೆ ಅಲ್ಲೇ ಮುಚ್ಚಬಹುದು ಎಂದು ಕಪ್ತಾನ ತಡವರಿಸುತ್ತ ಹೇಳಿದ.

"ಒಳಗೆ ಹೋಗೋದು ಬೇಡ," ಎಂದ ಗಂಡ. ಆ ದಿನದ ಅವನ ಮೊದಲ ಮಾತು ಅದು.

"ಬಾಗಿಲ ತನಕ ಹೋಗಿ ನೋಡ್ಕೊಂಡು ಬರ್ತೀನಿ ಕಣ್ರೀ," ಎಂದು ಅವಳು ಮತ್ತೆ ಮುಳುಗಿದಳು.

ಬಾಗಿಲು ತೆರೆದೇ ಇತ್ತು. ತೋಳು ಚಾಚಿದರೆ ಒಳಗಿನ ಏಣಿಯ ಮೆಟ್ಟಿಲು ಕೈಗೆ ಸಿಗುತ್ತಿತ್ತು. ಇನ್ನೇನು ತಲೆ ತೂರಿಸಬೇಕು, ಹಗ್ಗ ನಾಲ್ಕು ಸಲ ಜಗ್ಗಿತು: ಮೇಲೆ ಬಾ. ಅವಳು ತಡಿ ಎಂದು ಮರುಜಗ್ಗಿದಳು. ಮತ್ತೆ ನಾಲ್ಕು ಸಲ, ಈ ಬಾರಿ ಸೊಂಟ ಕಿತ್ತುಬರುವಂತೆ. ಒಳಗೊಳಗೇ ಅವನ ಏಳು ತಲೆಮಾರನ್ನೂ ಬೈಯುತ್ತ ಅವಳು ಮೇಲೆ ಬಂದಳು.

"ಕೈಗೆ ಬಂದಿತ್ತು. ಯಾಕ್ರೀ ಎಳೆದ್ರಿ?"

ಅವನು ನೀರಿನತ್ತ ಕೈ ತೋರಿಸಿದ. ಮುಳುಗಿದ ದೋಣಿಯ ತುದಿಗೆ ಗುರುತಿಗೆಂದು ಕಟ್ಟಿ ತೇಲಿಬಿಟ್ಟಿದ್ದ ಬುರುಡೆ ಇದ್ದ ಜಾಗ ಬಿಟ್ಟು ಮೆಲ್ಲಗೆ ಸರಿಯುತ್ತಿತ್ತು. "ಜಾರ್ತಿದೆ ಕಣೇ ಅದು," ಎನ್ನುವಷ್ಟರಲ್ಲಿ ನೀರು ಗೊಳಗೊಳ ಕುದಿದಂತೆ ಎದ್ದಿತು. ದೋಣಿ ಕೆಳಗೆ ಇನ್ನೊಂದು ಮಗ್ಗುಲಿಗೆ ಹೊರಳಿತು. ತಾನು ತಲೆ ತೂರಿಸಬೇಕೆಂದಿದ್ದ ಬಾಗಿಲು ಈಗ ಎಲ್ಲಿರಬಹುದೆಂದು ಮೀನಕ್ಕ ಲೆಕ್ಕ ಹಾಕಿದಳು. ಗಂಡನ ತೋಳನ್ನು ಹಿಡಿದವಳು ಬಹಳ ಹೊತ್ತು ಬಿಡಲಿಲ್ಲ.

ನೀರಿನ ಮೇಲೆ ಕಂದು ಪಟ್ಟಿಯೊಂದು ಹರಡಿ ಬೇಲಿಯತ್ತ ಹೊರಟಿತು. ದಡದ ಕೆಲಸಗಾರರು ಎಣ್ಣೆ ಹೀರುವ ದಪ್ಪ ಬಟ್ಟೆಗಳನ್ನು ಹಾಸಿದರು. ದೋಣಿ ಮತ್ತೆ ಅಲುಗದಂತೆ ಎರಡು ಲಂಗರು ಬಿಟ್ಟು, ಬುರುಡೆ ನಿಂತಲ್ಲೇ ನಿಂತಿದೆ ಎಂದು ಗಟ್ಟಿಯಾದ ಮೇಲೆ ಗಂಡನೇ ಹೇಳಿದ: "ಈಗ ಹೋಗು. ಹೊರಳಿದ ರಭಸಕ್ಕೆ ಆ ಕೊಳವೆ ಮೇಲೆ ಬಂದಿರುತ್ತೆ. ಒಳಗೆ ಮಾತ್ರ ಬೇಡ."

ಬಂದಿತ್ತು. ಬೆರಳುಗಳ ಸಂದಿಯಿಂದ ಡೀಸೆಲ್ ನುಣ್ಣಗೆ ಜಾರಿಹೋಗುತ್ತಿದ್ದುದು ಕೈಗವಸಿನೊಳಗೂ ತಿಳಿಯುತ್ತಿತ್ತು. ಮೊದಲ ಬೆಣೆ ಸಣ್ಣದಾಯಿತು, ತೂರಿ ಹಾರಿತು. ಎರಡನೆಯದನ್ನು ಎದೆ ಒತ್ತಿ ಹಿಡಿದು ಬಡಿದಳು, ಬಡಿದಳು, ರಟ್ಟೆ ಸೋಲುವ ತನಕ ಬಡಿದಳು. ಆಮೇಲೆ ಅಂಗೈ ಇಟ್ಟು ನೋಡಿದರೆ ಏನೂ ಜಾರುತ್ತಿರಲಿಲ್ಲ.

ಮರುದಿನ ಪಂಪಿನ ದೋಣಿ ಬಂತು. ಮುಳುಗಿದ ದೋಣಿಯಲ್ಲಿ ಎಣ್ಣೆ ತುಂಬುವ ಬಾಯಿಗೆ ಮೀನಕ್ಕ ಅದರ ಕೊಳವೆ ಬಿಗಿದುಕೊಟ್ಟಳು. ಸಂಜೆಯ ಹೊತ್ತಿಗೆ ಅದರಿಂದ ಬರಿ ನೀರು ಬರತೊಡಗಿತು. ಎಂಜಿನಿಯರ್ ಅದನ್ನು ಗಾಜಿನ ಲೋಟದಲ್ಲಿ ಹಿಡಿದು, ಬೆಳಕಿಗೆ ಎತ್ತಿ ನೋಡಿ, ಮೂಸಿ, ಪಂಪುಗಳನ್ನು ಶುರು ಮಾಡಿ ಎಂದು ಪಂಪ್‌ಮನೆಗೆ ಫೋನ್ ಮಾಡಿದಳು. ಕಪ್ತಾನ ಮೀನಕ್ಕನ ಹತ್ತಿರ ಬಂದ. "ಜೀವ ಉಳೀತು ತಾಯಿ," ಎಂದು ಹೇಳಿ ಕಂಬಳಿಯಲ್ಲಿ ಮುಖ ಒರೆಸಿಕೊಂಡ.

ಮನೆಗೆ ಬಂದಾಗ ನಲ್ಲಿಯಲ್ಲಿ ನೀರು ಬರುತ್ತಿತ್ತು. ಆದರೆ ಕಾಲಿಡಲು ಜಾಗವಿರಲಿಲ್ಲ. ನೀರು ನಿಲ್ಲುತ್ತದೆಂದು ಕೇಳಿದ ಅತ್ತೆ ಹಿಂದಿನ ದಿನವೇ ಬಕೆಟ್ಟು, ಬಾಣಲೆ, ಲೋಟ, ಹಾಲಿನ ಕುಕ್ಕರು, ಕೊನೆಗೆ ಹೂದಾನಿಗೂ ನೀರು ತುಂಬಿಸಿ ಸಾಲಾಗಿ ಇಟ್ಟಿದ್ದರು.

"ಟೀ ಮಾಡೋಣ ಅಂದ್ರೆ ಖಾಲಿ ಪಾತ್ರೆ ಒಂದೂ ಇಲ್ಲ ಕಣಮ್ಮ," ಎಂದರು ಅತ್ತೆ, ತಪ್ಪು ಮಾಡಿದ ಮಗುವಿನ ಹಾಗೆ.

ಮೀನಕ್ಕನಿಗೆ ನಗು ಬಂತು. ಅದು ಗಂಡನಿಗೂ ಅಂಟಿತು. "ನಾಳೆಯಿಂದ ಒಂದು ವಾರ ಇಳಿಯಲ್ಲ ಬಿಡಿ," ಎಂದಳು ಅವಳು, ನಗು ನಿಲ್ಲದೆಯೇ. ಅವನು ಹೂಂ ಎಂದು, ಹತ್ತಿರದ ಪಾತ್ರೆಯನ್ನೆತ್ತಿ ಅಂಗಳದ ಗಿಡಕ್ಕೆ ಸುರಿದು ಬಂದು ಒಲೆ ಹಚ್ಚಿದ.