ಅಳಿಯದ ಕಂದು

ಶುಕ್ರವಾರ ಬೆಳಿಗ್ಗೆ ಕೋಪನ್‌ಹೇಗನ್ನಿನ ಪ್ರಯೋಗಾಲಯದಲ್ಲಿ ಎಲ್ಲರೂ ಬನ್ನಿಗೆ ಬೆಣ್ಣೆ ಸವರಿಕೊಳ್ಳುತ್ತಿದ್ದರೆ, ಕಿರಿಯ ಸಹಾಯಕಿ ವಿಬೆಕೆ ಮಾತ್ರ ತನ್ನ ಗಾಜಿನ ಸ್ಲೈಡುಗಳನ್ನೇ ಮತ್ತೆ ಮತ್ತೆ ನೋಡುತ್ತಿದ್ದಳು.

ಹಂದಿಯ ಕರುಳಿನ ತೆಳು ಹೋಳುಗಳ ಮೇಲೆ ಮೊಲದ ರಕ್ತದಿಂದ ತೆಗೆದ ಪ್ರತಿಕಾಯ ಹಾಕಿ, ಹಾರ್ಮೋನು ಆಗುವುದಕ್ಕೆ ಮುಂಚಿನ ಉದ್ದ ಪ್ರೋಟೀನು ಯಾವ ಜೀವಕೋಶದಲ್ಲಿದೆ ಎಂದು ಹುಡುಕುವುದು ಅವಳ ಕೆಲಸ. ಪ್ರತಿಕಾಯ ಅದಕ್ಕೆ ಕಚ್ಚಿಕೊಂಡಲ್ಲಿ ಕಂದು ಬಣ್ಣ ಏಳುತ್ತದೆ. ಈ ಸಲ ಯಾರೂ ನಿರೀಕ್ಷಿಸದ ಕಡೆ, ದೊಡ್ಡ ಕರುಳಿನಲ್ಲಿ ಎದ್ದಿತ್ತು. ಮುಖ್ಯಸ್ಥ ಎಬ್ಬೆ ಸೋಮವಾರ ಲೇಖನ ಕಳಿಸುವವನಿದ್ದ. ಒಂದು ಪರೀಕ್ಷೆ ಬಾಕಿಯಿತ್ತು: ಪ್ರತಿಕಾಯಕ್ಕೆ ಆ ಪ್ರೋಟೀನಿನ ತುಣುಕನ್ನು ಮೊದಲೇ ಬೆರೆಸಿದರೆ ಅದು ತುಣುಕಿಗೇ ಕಚ್ಚಿಕೊಳ್ಳಬೇಕು, ಕರುಳಿನ ಮೇಲೆ ಬಣ್ಣ ಬರಬಾರದು. ಬಂದರೆ ಪ್ರತಿಕಾಯ ಬೇರೇನಕ್ಕೋ ಕಚ್ಚಿದೆ ಎಂದರ್ಥ.

ಬಂದಿತ್ತು. ಮೂರು ಸಲ ಮಾಡಿದರೂ ಬಂದಿತ್ತು.

"ಎಬ್ಬೆ, ಬಣ್ಣ ಹೋಗ್ತಿಲ್ಲ. ಲೇಖನ ಕಳಿಸ್ಬೇಡ," ಎಂದಳು.

ತನ್ನ ಕೈಯದೇ ತಪ್ಪಿರಬೇಕೆಂದೂ ಸೇರಿಸಿದಳು. ತಪ್ಪು ಸಿಗದಿದ್ದರೆ ಹುಡುಕಿ ತಂದಾದರೂ ಒಪ್ಪಿಕೊಳ್ಳುತ್ತಾಳೆ ಇವಳು ಎಂದು ಹಿರಿಯ ಸಹಾಯಕಿ ಗೆರ್ದಾ ಛೇಡಿಸಿದಳು. ಎಬ್ಬೆ ನಗಲಿಲ್ಲ. ಯಾವ ಟ್ಯೂಬಿನಲ್ಲಿ ಬೆರೆಸಿದ್ದು ಎಂದು ಕೇಳಿದ.

"ಗಾಜಿಂದು. ನಾನೇ ಆಮ್ಲದಲ್ಲಿ ಎರಡೆರಡು ಸಲ ತೊಳ್ದಿದ್ದೆ."

ಗೆರ್ದಾ ಬನ್ನು ಕೆಳಗಿಟ್ಟಳು. "ಅಷ್ಟು ತೊಳೆದ್ರೆ ಗಾಜಿಗೇ ಹಸಿವಾಗುತ್ತೆ ಕಣೇ. ನೀ ಹಾಕಿದ ತುಣುಕನ್ನೆಲ್ಲ ಅದೇ ತಿಂದಿರುತ್ತೆ."

ತುಣುಕು ಗಾಜಿಗೆ ಅಂಟಿಕೊಂಡರೆ ಪ್ರತಿಕಾಯಕ್ಕೆ ಕಚ್ಚಲು ಏನೂ ಉಳಿಯುವುದಿಲ್ಲ. ಹಳಬರು ಮೊದಲು ಆಲ್ಬುಮಿನ್ ಎಂಬ ಅಗ್ಗದ ಪ್ರೋಟೀನು ಕರಗಿಸಿದ ನೀರಾಡಿಸಿ ಗಾಜಿನ ಹಸಿವು ತೀರಿಸುತ್ತಿದ್ದರು. ವಿಬೆಕೆಗೆ ಯಾರೂ ಹೇಳಿರಲಿಲ್ಲ, ಕೇಳಲು ಅವಳಿಗೆ ನಾಚಿಕೆ.

ಎಬ್ಬೆ ಸೋಮವಾರ ಮಧ್ಯಾಹ್ನದವರೆಗೆ ಕಾಯುತ್ತೇನೆಂದ. ಅವಳು ಆಲ್ಬುಮಿನ್ ಹಾಕಿ ಮತ್ತೆ ಮಾಡಿದಳು. ಆದರೆ ಈಗ ಬಣ್ಣ ಹೋಗಲೇಬೇಕೆಂದು ಮನಸ್ಸು ಬೇಡುತ್ತಿತ್ತು. ಅಂಥ ಕಣ್ಣನ್ನು ನಂಬುವುದು ಹೇಗೆ? ತುಣುಕು ಬೆರೆಸಿದ ಮೂರು, ಬೆರೆಸದ ಮೂರು, ಹೀಗೆ ಆರು ಸ್ಲೈಡಿನ ಹೆಸರುಗಳ ಮೇಲೆ, ಯಾವುದು ಯಾವುದೆಂದು ತನಗೆ ತಿಳಿಯದಂತೆ ಗೆರ್ದಾಳಿಂದ ಕಾಗದ ಅಂಟಿಸಿಕೊಂಡಳು.

ಸೋಮವಾರ ಸೂಕ್ಷ್ಮದರ್ಶಕದಡಿ ನೋಡಿ ಬರೆದಳು: ಮೂರು ಕಂದು, ಮೂರು ಖಾಲಿ. ಕಾಗದ ಕಿತ್ತಾಗ ತುಣುಕು ಬೆರೆಸಿದ ಮೂರೂ ಖಾಲಿಯವೇ ಆಗಿದ್ದವು.

ಎಬ್ಬೆ ಕಳಿಸಲೆಂದು ಲೇಖನ ಎತ್ತಿಕೊಂಡ. ವಿಬೆಕೆ ಬಾಗಿಲಲ್ಲೇ ನಿಂತಿದ್ದಳು.

"ಮೊದಲ ಮೂರು ಸಲ ಬಣ್ಣ ಯಾಕೆ ಹೋಗ್ಲಿಲ್ಲ ಅಂತ್ಲೂ ಬರಿ."

"ನಿನ್ನ ಟ್ಯೂಬಿನ ವಿಷಯ ಎಲ್ಲರಿಗೂ ಗೊತ್ತಾಗುತ್ತೆ."

"ಗೊತ್ತಾಗ್ಲಿ. ಕೇಳೋಕೆ ನಾಚ್ಕೊಳ್ಳೋರು ಇನ್ನೂ ಇರ್ತಾರೆ."

ಅವನು ಪೆನ್ನು ತೆಗೆದ.