ಪ್ರಮಾಣಗಳ ಪೆಟ್ಟಿಗೆ

ತುಪ್ಪಳದ ವ್ಯಾಪಾರಿಗಳಾದ ನಾವು ಚರ್ಮ ಕೈಗೆ ಬಂದೊಡನೆ ಕೂದಲನ್ನು ಊದಿ ಬುಡದ ಬಣ್ಣ ನೋಡುತ್ತೇವೆ. ದುಭಾಷಿ ಕಿಪ್ರಿಯಾನ್ ಸವ್ವಿಚ್‌ನನ್ನೂ ಮೊದಲ ದಿನ ಹಾಗೆಯೇ ಊದಿ ನೋಡಿದ್ದೆ: ಗಿಡ್ಡ ಮೈ, ಒಂದು ಕಾಲನ್ನು ಎಳೆದು ಹಾಕುವ ನಡಿಗೆ, ಹೊರಗೆ ಚಕ್ರವರ್ತಿಯ ಹದ್ದಿನ ಗುಂಡಿಗಳುಳ್ಳ ಸರಕಾರಿ ಕೋಟು, ಅದರೊಳಗೆ ಖಾಂತಿ ಬುಡಕಟ್ಟಿನವಳಾದ ಅವನ ತಾಯಿ ಹೊಲಿದುಕೊಟ್ಟ ಹಿಮಸಾರಂಗದ ತುಪ್ಪಳದ ಅಸ್ತರು. ಎರಡನೆಯ ದರ್ಜೆಯ ಮಾಲೆಂದು ಮನಸ್ಸಿನಲ್ಲೇ ಬದಿಗಿಟ್ಟೆ. ನನ್ನ ಕಸುಬಿನಲ್ಲಿ ಅಷ್ಟು ದೊಡ್ಡ ತಪ್ಪನ್ನು ಮತ್ತೆ ಮಾಡಿಲ್ಲ.

ಓಬ್ ನದಿಯ ದಡದ ನಮ್ಮೂರ ಕಚೇರಿಗೆ ರಷ್ಯನ್ನರು, ಖಾಂತಿ ಬೇಟೆಗಾರರು, ನನ್ನಂಥ ತಾತಾರ ಮುಸಲ್ಮಾನರು ಎಲ್ಲರೂ ಬರಬೇಕು. ಎಲ್ಲರ ಮಾತೂ ಅವನೊಬ್ಬನ ಬಾಯಿಂದಲೇ ದಾಟಬೇಕು. ಇಪ್ಪತ್ತು ವರ್ಷ ಅನ್ಯರ ಮಾತು ಹೊತ್ತು ಹೊತ್ತು ಅವನಿಗೆ ತನ್ನದೆಂಬ ಮಾತೇ ಮರೆತುಹೋಗಿತ್ತು. ನನ್ನ ಮನೆಗೆ ಬಂದು ಚಹದ ಪಾತ್ರೆಯ ಕಡೆ ನೋಡುತ್ತ, ತನ್ನನ್ನೇ ಕುರಿತು, "ಇವನು ಏನ್ ಹೇಳ್ತಾನೆ ಅಂದ್ರೆ, ಚಳಿಯಾಗ್ತಿದೆಯಂತೆ," ಎನ್ನುತ್ತಿದ್ದ.

"ಇವನಿಗೆ ಸ್ವಂತ ಬಾಯಿಲ್ವೇನಯ್ಯ?" ಎಂದು ಕೆಣಕಿದರೆ, "ಇದೆ ಸಾವ್ಕಾರ್ರೇ, ಸರಕಾರಕ್ಕೆ ಬಾಡಿಗೆ ಕೊಟ್ಟಿದೀನಿ," ಎಂಬ ಉತ್ತರ.

ಅವನ ಮೇಜಿನಡಿ ಒಂದು ಪೆಟ್ಟಿಗೆ. ಅದರಲ್ಲಿ ಬೈಬಲ್ಲು, ಹಸಿರು ಬಟ್ಟೆಯಲ್ಲಿ ಸುತ್ತಿದ ಕುರಾನು, ಒಂದು ಕರಡಿಯ ಪಂಜ. ಯಾರು ಯಾವುದರ ಮೇಲೆ ಕೈಯಿಟ್ಟರೆ ಸುಳ್ಳಾಡರೆಂಬುದನ್ನು ಬಲ್ಲವನು ಅವನೊಬ್ಬನೇ. ಪೀಟರ್ಸ್‌ಬರ್ಗಿನಿಂದ ಹೊಸದಾಗಿ ಬಂದ ಅಧಿಕಾರಿಗೆ ಆ ಪಂಜ ಕಂಡು ಮೈಯುರಿಯಿತು. ಕಾಗದದ ಪ್ರಕಾರ ಖಾಂತಿಗಳೆಲ್ಲ ದೀಕ್ಷಾಸ್ನಾನವಾದ ಕ್ರೈಸ್ತರು. ಅವರಿಗಿನ್ನು ಬೈಬಲ್ಲೊಂದೇ ಸಾಕೆಂದು ಆಜ್ಞೆಯಾಯಿತು.

ಆ ಚಳಿಗಾಲದಲ್ಲೇ ನನ್ನ ಮೇಲೆ ಆಪಾದನೆ ಬಂತು: ಚಕ್ರವರ್ತಿಗೆ ತುಪ್ಪಳದ ಕಪ್ಪ ಸಲ್ಲುವ ಮೊದಲೇ ಬೇಟೆಗಾರರಿಂದ ಚರ್ಮ ಕೊಂಡೆನೆಂದು. ಸಾಬೀತಾದರೆ ಅಂಗಡಿಗೆ ಬೀಗ, ನನಗೆ ಗಡೀಪಾರು. ಎದುರಂಗಡಿಯವನು ಕುಡಿಸಿ ಕಲಿಸಿದ್ದ ಮೊಲ್ದಾನ್ ಎಂಬ ಖಾಂತಿ ಬೇಟೆಗಾರ ಬೈಬಲ್ಲಿಗೆ ಮುತ್ತಿಟ್ಟು, ಹುಬ್ಬು ಕದಲಿಸದೆ ಸುಳ್ಳು ಹೇಳಿದ. ಕಿಪ್ರಿಯಾನ್ ಅದನ್ನು ಅನುವಾದಿಸಲಿಲ್ಲ. ಬಗ್ಗಿ ಪೆಟ್ಟಿಗೆಯಿಂದ ಪಂಜ ತೆಗೆದು ಮೇಜಿನ ಮೇಲಿಟ್ಟ.

"ಈಗ ಹೇಳಪ್ಪಾ. ಅಜ್ಜ ಕೇಳಿಸ್ಕೊಳ್ತಿದಾನೆ."

ಕರಡಿಯೆಂಬ ಹೆಸರನ್ನೂ ಎತ್ತಲು ಅಂಜಿ ಅದನ್ನು ಅಜ್ಜನೆಂದೇ ಕರೆಯುವ ಜನ. ಮೊಲ್ದಾನನ ಮುಖ ಬೂದಿಬಣ್ಣಕ್ಕೆ ತಿರುಗಿತು, ನಿಜ ಹೊರಬಿತ್ತು.

ನಾನು ಪಾರಾದೆ, ವಿಚಾರಣೆ ಕಿಪ್ರಿಯಾನ್‌ನ ಕಡೆ ತಿರುಗಿತು. ಸಾಕ್ಷಿಯನ್ನು ಕೊರಳು ಹಿಡಿದು ಬೆದರಿಸಿದನೆಂದು ಅಧಿಕಾರಿ ಬರೆಸಿದ. ಕೈ ಸೋಕಿಸಿರಲಿಲ್ಲವೆಂಬುದನ್ನು ಎರಡು ಮಾರು ದೂರದಿಂದ ಕಂಡವನು ನಾನು; ಆದರೆ ನನ್ನ ವ್ಯಾಪಾರದ ಪರವಾನಗಿ ಆ ಅಧಿಕಾರಿಯ ಕೈಯಲ್ಲಿತ್ತು. ತಾತಾರ ನುಡಿ ಬಲ್ಲ ಬೇರೆ ದುಭಾಷಿ ಊರಲ್ಲಿಲ್ಲದ್ದರಿಂದ, ತನ್ನ ಮೇಲಿನ ವಿಚಾರಣೆಗೆ ತಾನೇ ದುಭಾಷಿಯಾಗಿ, ಹಸಿರು ಬಟ್ಟೆ ಬಿಚ್ಚಿ ಕುರಾನನ್ನು ನನ್ನ ಮುಂದೆ ಹಿಡಿದವನೂ ಅವನೇ.

"ನಾನು ಕಿಟಕಿ ಕಡೆ ನೋಡ್ತಿದ್ದೆ. ಏನೂ ಕಾಣ್ಲಿಲ್ಲ," ಎಂದೆ, ಅದರ ಮೇಲೆ ಕೈಯಿಟ್ಟು.

ಅವನು ಕುರಾನನ್ನು ಮತ್ತೆ ಹಸಿರು ಬಟ್ಟೆಯಲ್ಲಿ ಸುತ್ತಿದ. ಆಮೇಲೆ ಅಧಿಕಾರಿಯ ಕಡೆ ತಿರುಗಿ, ಒಂದಕ್ಷರ ಕೂಡಿಸದೆ ಕಳೆಯದೆ ಹೇಳಿದ: "ಇವರು ಹೇಳ್ತಾರೆ, ಕಿಟಕಿ ಕಡೆ ನೋಡ್ತಿದ್ರಂತೆ. ಏನೂ ಕಾಣ್ಲಿಲ್ಲವಂತೆ."

ಕೋಟಿನ ಹದ್ದಿನ ಗುಂಡಿಗಳನ್ನು ಕತ್ತರಿಸಿಕೊಂಡರು. ಅವನು ತಾಯಿಯ ಕಡೆಯವರ ಬಿಡಾರಕ್ಕೆ ಹೋದ. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ತೀರಿಕೊಂಡ. ಅವನನ್ನು ಕೆಲಸದಿಂದ ತೆಗೆದ ಮರುವರ್ಷವೇ ಕಪ್ಪದ ಅರ್ಧವೂ ಬರಲಿಲ್ಲ. ಬೇಟೆ ಸಿಗಲಿಲ್ಲವೆಂದು ಖಾಂತಿಗಳೆಲ್ಲ ಬೈಬಲ್ಲಿಗೆ ಭಕ್ತಿಯಿಂದ ಮುತ್ತಿಟ್ಟು ಪ್ರಮಾಣ ಮಾಡಿದ್ದರು.

ನೂರು ನುಡಿಗಳ ಸಾಮ್ರಾಜ್ಯ ನಿಂತಿರುವುದು ಇಂಥವರ ಹೆಗಲ ಮೇಲೆ. ಯಾವ ಜನ ಯಾವುದಕ್ಕೆ ಅಂಜುತ್ತಾರೆಂದು ಬಲ್ಲ, ಯಾವ ಜನಕ್ಕೂ ಪೂರ್ತಿ ಸೇರದ, ಎಲ್ಲರ ಮಾತನ್ನೂ ದಾಟಿಸಿ ತಮ್ಮ ಮಾತಿಗೆ ಯಾರೂ ಸಿಗದ ಜನ. ಅವರು ಹೊರಬಿದ್ದ ಮೇಲಷ್ಟೇ ಆ ಭಾರ ಮೇಲಿನವರಿಗೆ ತಿಳಿಯುತ್ತದೆ.

ಅವನಿಗೆ ನಾನು ಕೊಡಬೇಕಾದದ್ದು ಒಂದೇ ಮಾತು: ನಾನು ನೋಡಿದ್ದೆ.